ಪ್ರೈವೇಟ್ ಟ್ರ್ಯಾಕರ್ ಸೇರಿ ಖಾತೆ ಉಳಿಸಿಕೊಳ್ಳುವುದು ಹೇಗೆ: ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರಿಗೆ ಸಮಗ್ರ ಮಾರ್ಗದರ್ಶಿ

ಟೊರೆಂಟ್ ಅಂದರೆ ಬಳಕೆದಾರರೇ ಒಬ್ಬರಿಗೊಬ್ಬರು ಫೈಲಿನ ತುಣುಕುಗಳನ್ನು ಹಂಚಿಕೊಳ್ಳುವ ಪದ್ಧತಿ. ಅವರನ್ನು ಜೋಡಿಸುವ ಸರ್ವರ್ ಟ್ರ್ಯಾಕರ್; ಸದಸ್ಯರಿಗೆ ಮಾತ್ರ ತೆರೆದಿರುವುದು ಪ್ರೈವೇಟ್ ಟ್ರ್ಯಾಕರ್, ಅಲ್ಲಿ ಪಡೆದದ್ದಕ್ಕೆ ತಕ್ಕಷ್ಟು ಕೊಡಲೂಬೇಕು. ಬಹಳ ಜನ ಕಷ್ಟಪಟ್ಟು ಆಹ್ವಾನ ಗಿಟ್ಟಿಸಿ ಇಂಥದ್ದನ್ನು ಸೇರುತ್ತಾರೆ. ಸೇರಿದ ದಿನವೇ ಮೂವತ್ತು ನಲವತ್ತು ಜಿಬಿ ಇಳಿಸಿಕೊಳ್ಳುತ್ತಾರೆ. ವಾರ ಕಳೆದರೂ ಅಪ್‌ಲೋಡ್ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ. ಮೊದಲು ಎಚ್ಚರಿಕೆ ಬರುತ್ತದೆ, ಆಮೇಲೆ ಡೌನ್‌ಲೋಡ್ ಬಂದ್, ಕೊನೆಗೆ ಖಾತೆಯೇ ಬಂದ್. ಶಿರಾದಿಂದ ಬಂಗಾರಪೇಟೆವರೆಗೆ ಇದೇ ಗೋಳು.

ನೆಟ್ ನಿಧಾನ, ಅದಕ್ಕೇ ಹೀಗೆ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ಈಗಿನ ಫೈಬರ್ ಲೈನುಗಳ ವೇಗ ಈ ಕೆಲಸಕ್ಕೆ ಬೇಕಾದಷ್ಟಾಯಿತು. ನಿಜವಾದ ತೊಂದರೆ ಎರಡು. ಹೊರಗಿನವರಿಗೆ ನಿಮ್ಮ ಕಂಪ್ಯೂಟರ್ ತಲುಪಲು ದಾರಿ ಇರುವುದಿಲ್ಲ. ಕರೆಂಟ್ ಹೋದಾಗಲೆಲ್ಲ ಹಂಚಿಕೆ ನಿಂತುಹೋಗುತ್ತದೆ. ಇವೆರಡನ್ನೂ ಸರಿಮಾಡಿಕೊಂಡು ಆಮೇಲೆ ಸೇರಬೇಕು. ಸೇರಿದ ಮೇಲೆ ಸರಿಮಾಡಲು ಹೊರಟರೆ ಅಷ್ಟರಲ್ಲಿ ಗಡುವು ಮುಗಿದಿರುತ್ತದೆ. ಆದ್ದರಿಂದ ಕೆಳಗಿನ ಹಂತಗಳ ಕ್ರಮವನ್ನು ದಯವಿಟ್ಟು ಬದಲಿಸಬೇಡಿ.

ಬೇಕಾಗುವ ಸಾಮಾನು

ಮನೆಗೆ ತಂತಿಯಲ್ಲಿ ಬರುವ ಬ್ರಾಡ್‌ಬ್ಯಾಂಡ್ ಬೇಕು. ಮೊಬೈಲ್ ಹಾಟ್‌ಸ್ಪಾಟ್ ನಂಬಿ ಇಳಿಯಬೇಡಿ. ಬ್ಯಾಟರಿ ಒಂದು ಗಂಟೆಯಾದರೂ ನಿಲ್ಲುವ ಹಳೆಯ ಲ್ಯಾಪ್‌ಟಾಪ್, ಒಂದು ಲ್ಯಾನ್ ಕೇಬಲ್, 1 ಅಥವಾ 2 ಟಿಬಿಯ ಎರಡೂವರೆ ಇಂಚಿನ ಯುಎಸ್‌ಬಿ ಹಾರ್ಡ್ ಡಿಸ್ಕ್, ರೂಟರ್‌ಗೆ 12 ವೋಲ್ಟ್‌ನ ಮಿನಿ ಯುಪಿಎಸ್. ರೂಟರಿನ ಅಡ್ಮಿನ್ ಪಾಸ್‌ವರ್ಡ್ ಕೈಯಲ್ಲಿರಲಿ. ಸಾಮಾನ್ಯವಾಗಿ ಅದು ರೂಟರ್ ತಳದ ಚೀಟಿಯಲ್ಲಿ ಇರುತ್ತದೆ. ಲೈನ್ ಹಾಕಿದವರು ಬದಲಿಸಿದ್ದರೆ ಅವರನ್ನೇ ಕೇಳಿ.

ಟೊರೆಂಟ್ ನಡೆಸುವ ತಂತ್ರಾಂಶ, ಅಂದರೆ ಕ್ಲೈಂಟ್, ಕ್ಯೂಬಿಟ್‌ಟೊರೆಂಟ್ ಇರಲಿ. ಟ್ರಾನ್ಸ್‌ಮಿಷನ್ ಕೂಡ ನಡೆಯುತ್ತದೆ. ಎರಡೂ ಉಚಿತ, ಜಾಹೀರಾತು ಇಲ್ಲ. ಬೀಟಾ ಆವೃತ್ತಿ ಹಾಕಬೇಡಿ, ಅದನ್ನು ಒಪ್ಪದ ಟ್ರ್ಯಾಕರ್‌ಗಳು ಹಲವು.

ಹಂತ 1: ಏನನ್ನು ಹಂಚಬಹುದು ಎಂದು ಖಚಿತ ಮಾಡಿಕೊಳ್ಳಿ

ಟೊರೆಂಟ್ ತಂತ್ರಜ್ಞಾನ ಕಾನೂನುಬದ್ಧ. ಅದರಲ್ಲಿ ಏನು ಸಾಗಿಸುತ್ತೀರಿ ಅನ್ನುವುದರ ಮೇಲೆ ತಪ್ಪು ಒಪ್ಪು ನಿಂತಿದೆ. ಡೌನ್‌ಲೋಡ್ ಆಗುತ್ತಿರುವಾಗಲೇ ನಿಮ್ಮ ಕಡೆಯಿಂದ ಬೇರೆಯವರಿಗೆ ತುಣುಕುಗಳು ಹೋಗುತ್ತಿರುತ್ತವೆ. ಹಾಗಾಗಿ 'ನಾನು ಬರೀ ನೋಡಿದೆ' ಎಂಬ ಸಮಜಾಯಿಷಿ ಇಲ್ಲಿ ನಿಲ್ಲುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಂನಲ್ಲಿ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಸಿನಿಮಾ ವಿಷಯದಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಯ 2023ರ ತಿದ್ದುಪಡಿ ಇನ್ನೂ ಬಿಗಿ. ಹೊಸ ಸಿನಿಮಾ, ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಂಚುವ ಕಡೆ ಹೋಗಬೇಡಿ. ಈ ಮಾರ್ಗದರ್ಶಿ ಅದಕ್ಕಲ್ಲ.

ಹಂಚಲು ಅಡ್ಡಿ ಇಲ್ಲದ್ದು ಧಾರಾಳವಾಗಿದೆ. ಲಿನಕ್ಸ್ ಆವೃತ್ತಿಗಳು, ಅಕಾಡೆಮಿಕ್ ಟೊರೆಂಟ್ಸ್‌ನಲ್ಲಿರುವ ಸಂಶೋಧನಾ ದತ್ತಾಂಶ, ವಿಕಿಪೀಡಿಯದ ಡಂಪ್‌ಗಳು (ಪೂರ್ತಿ ನಕಲುಗಳು), ಕರ್ತೃಗಳೇ ಹಂಚಲು ಬಿಟ್ಟಿರುವ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯ ಕೃತಿಗಳು, ರೆಕಾರ್ಡಿಂಗ್‌ಗೆ ಕಲಾವಿದರೇ ಒಪ್ಪಿರುವ ಕಛೇರಿಗಳು. ಇಂಥ ಕಛೇರಿಗಳಿಗಾಗಿಯೇ ನಡೆಯುತ್ತಿರುವ ಇ-ಟ್ರೀ ಸಮುದಾಯ ಬಹಳ ಹಳೆಯದು.

ಪುಸ್ತಕಗಳ ಲೆಕ್ಕ ಹೀಗೆ: ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ ಹಕ್ಕು ಇರುತ್ತದೆ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯ 1946ರಲ್ಲಿ ತೀರಿಕೊಂಡರು, ಆದ್ದರಿಂದ ಅವರ ಜೀವಿತಕಾಲದಲ್ಲಿ ಅಚ್ಚಾದ ಬರಹ 2007ರಿಂದ ಮುಕ್ತ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1962ರಲ್ಲಿ ತೀರಿಕೊಂಡರು. ಅವರದು 2023ರಿಂದ ಮುಕ್ತ. ಮುಳಬಾಗಿಲಿನ ಡಿ.ವಿ.ಜಿ. 1975ರಲ್ಲಿ ನಿಧನರಾದವರು, 2035 ಮುಗಿಯುವವರೆಗೆ ಮುಟ್ಟುವಂತಿಲ್ಲ. ಮಾಸ್ತಿಯವರದು 2046ರ ಕೊನೆಯವರೆಗೆ. ಹಳೆಯ ಪುಸ್ತಕದ ಹೊಸ ಮುದ್ರಣವಾಗಿದ್ದರೆ ಮುನ್ನುಡಿ, ಟಿಪ್ಪಣಿ, ಮುಖಪುಟಕ್ಕೆ ಬೇರೆ ಹಕ್ಕು ಇರುತ್ತದೆ. ಇಂಟರ್‌ನೆಟ್ ಆರ್ಕೈವ್‌ನಲ್ಲಿ ಸಿಕ್ಕಿತು ಎಂದಮಾತ್ರಕ್ಕೆ ಅದು ಮುಕ್ತ ಎಂದೇನೂ ಅಲ್ಲ, ಅಲ್ಲಿ ಯಾರು ಬೇಕಾದರೂ ಏರಿಸಬಹುದು.

ಹಂತ 2: ನಿಮ್ಮ ಐಪಿ ನಿಮ್ಮದೇನಾ ನೋಡಿ

ಐಪಿ ಅಂದರೆ ಅಂತರ್ಜಾಲದಲ್ಲಿ ನಿಮ್ಮ ಲೈನಿನ ವಿಳಾಸ. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಹೊಡೆದು ರೂಟರ್ ಒಳಗೆ ಹೋಗಿ. ಸ್ಟೇಟಸ್ ಪುಟದಲ್ಲಿ ವ್ಯಾನ್ ಐಪಿ ಎಂದಿರುವುದನ್ನು ಬರೆದುಕೊಳ್ಳಿ. ಇನ್ನೊಂದು ಟ್ಯಾಬ್‌ನಲ್ಲಿ ನಿಮ್ಮ ಐಪಿ ತೋರಿಸುವ ಯಾವುದಾದರೂ ಸೈಟ್ ತೆರೆದು ಅಲ್ಲಿನ ಐಪಿವಿ4 ವಿಳಾಸ (ನಡುವೆ ಚುಕ್ಕಿಗಳಿರುವ ನಾಲ್ಕು ಸಂಖ್ಯೆ) ನೋಡಿ. ಎರಡೂ ಒಂದೇ ಆಗಿದ್ದರೆ ಹಂತ 3ಕ್ಕೆ ಹೋಗಿ.

ಬೇರೆ ಬೇರೆ ಇದ್ದು, ರೂಟರಿನಲ್ಲಿ 100.64ರಿಂದ 100.127ರ ನಡುವೆ ಶುರುವಾಗುವ ಸಂಖ್ಯೆ ಕಂಡರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. 10ರಿಂದ ಶುರುವಾಗಿದ್ದರೂ ಬಹುಮಟ್ಟಿಗೆ ಅದೇ ಕಥೆ. ಐಪಿವಿ4 ವಿಳಾಸಗಳು ಸಾಲದ್ದರಿಂದ ಕಂಪನಿಗಳು ಒಂದೇ ವಿಳಾಸವನ್ನು ಹಲವಾರು ಮನೆಗಳಿಗೆ ಹಂಚುತ್ತವೆ. ವಠಾರಕ್ಕೆಲ್ಲ ಒಂದೇ ಡೋರ್ ನಂಬರ್ ಇದ್ದಂತೆ: ಒಳಗಿನವರು ಹೊರಗೆ ಹೋಗಿಬರಬಹುದು, ಹೊರಗಿಂದ ಹುಡುಕಿಕೊಂಡು ಬಂದವರಿಗೆ ಯಾವ ಮನೆ ಎಂದು ತಿಳಿಯದು.

ಇದರಿಂದ ಅಪ್‌ಲೋಡ್ ಪೂರ್ತಿ ನಿಲ್ಲುವುದಿಲ್ಲ, ಆದರೆ ಕುಂಟುತ್ತದೆ. ಪೋರ್ಟ್, ಅಂದರೆ ಹೊರಗಿನಿಂದ ಸಂಪರ್ಕ ಬರುವ ಬಾಗಿಲು, ತೆರೆದಿರುವವರ ಬಳಿಗೆ ನಿಮ್ಮ ಕ್ಲೈಂಟ್ ತಾನಾಗಿ ಹೋಗಿ ಸಂಪರ್ಕ ಮಾಡಿ ತುಣುಕು ಕೊಡಬಲ್ಲದು. ನಿಮ್ಮಂತೆಯೇ ಬಾಗಿಲು ಮುಚ್ಚಿಕೊಂಡಿರುವ ಇನ್ನೊಬ್ಬರನ್ನು ಮಾತ್ರ ತಲುಪಲಾರದು, ಅವರೂ ನಿಮ್ಮನ್ನು ತಲುಪಲಾರರು. ಸಾರ್ವಜನಿಕ ಟೊರೆಂಟ್‌ಗಳಲ್ಲಿ ಇಂಥ ಇಬ್ಬರನ್ನು ಮೂರನೆಯವರು ಸೇರಿಸುವ ಉಪಾಯ ಉಂಟು. ಅದು ಪೆಕ್ಸ್ ಎಂಬ, ಬಳಕೆದಾರರು ತಮಗೆ ಗೊತ್ತಿರುವವರ ವಿಳಾಸವನ್ನು ತಮ್ಮತಮ್ಮಲ್ಲೇ ಹಂಚಿಕೊಳ್ಳುವ ವ್ಯವಸ್ಥೆಯನ್ನು ಆಧರಿಸಿದೆ, ಪ್ರೈವೇಟ್ ಟೊರೆಂಟ್‌ಗಳಲ್ಲಿ ಪೆಕ್ಸ್ ಇರುವುದಿಲ್ಲ. ಹೊರಗೆ ಚೆನ್ನಾಗಿ ಓಡುತ್ತಿದ್ದ ಸೆಟಪ್ ಪ್ರೈವೇಟ್ ಟ್ರ್ಯಾಕರ್‌ಗೆ ಬಂದೊಡನೆ ಸುಮ್ಮನಾಗುವುದು ಹೀಗೆ.

ಪರಿಹಾರಗಳನ್ನು ಈ ಕ್ರಮದಲ್ಲೇ ನೋಡಿ. ಮೊದಲನೆಯದು, ಲೈನ್ ಕೊಟ್ಟವರಿಗೆ ಫೋನ್ ಮಾಡುವುದು. 'ನೆಟ್ ಸ್ಲೋ' ಎಂದರೆ ಹುಡುಗನನ್ನು ಕಳಿಸಿ ಕೇಬಲ್ ಬದಲಿಸಿ ಹೋಗುತ್ತಾರೆ. ನೇರವಾಗಿ ಹೀಗೆ ಕೇಳಿ: "ಸರ್, ನಮ್ಮ ಲೈನ್ ಸಿಜಿನ್ಯಾಟ್ ಹಿಂದೆ ಇದೆ. ಪಬ್ಲಿಕ್ ಐಪಿ ಕೊಡೋಕೆ ಆಗುತ್ತಾ? ಸ್ಟ್ಯಾಟಿಕ್ ಆದ್ರೂ ಪರವಾಗಿಲ್ಲ. ತಿಂಗಳಿಗೆ ಎಷ್ಟಾಗುತ್ತೆ?" ಚಿಂತಾಮಣಿ, ತಿಪಟೂರು, ಮಾಲೂರಿನಂಥ ಊರುಗಳಲ್ಲಿ ಲೈನ್ ಕೊಡುವ ಸ್ಥಳೀಯ ಕೇಬಲ್‌ನವರನ್ನು ಖುದ್ದಾಗಿ ಆಫೀಸಿಗೆ ಹೋಗಿ ಕೇಳಿದರೆ ಕೆಲಸ ಬೇಗ ಆಗುತ್ತದೆ.

ಎರಡನೆಯದು ಐಪಿವಿ6 ಎಂಬ ಹೊಸ ಬಗೆಯ ವಿಳಾಸ. ರೂಟರಿನ ಸ್ಟೇಟಸ್‌ನಲ್ಲಿ 2ರಿಂದ ಶುರುವಾಗುವ ಉದ್ದನೆಯ ವಿಳಾಸ ಇದ್ದರೆ ಅದು ನೇರ ವಿಳಾಸ, ಅಲ್ಲಿ ಸಿಜಿನ್ಯಾಟ್ ಇಲ್ಲ. ಆದರೆ ರೂಟರಿನ ಐಪಿವಿ6 ಫೈರ್‌ವಾಲ್ ಒಳಬರುವುದನ್ನು ತಡೆದಿರುತ್ತದೆ, ನಿಮ್ಮ ಪೋರ್ಟ್‌ಗೆ ಅಲ್ಲಿ ಅನುಮತಿ ಕೊಡಬೇಕು. ಟ್ರ್ಯಾಕರ್ ಕೂಡ ಐಪಿವಿ6 ಒಪ್ಪಬೇಕು, ಎದುರಿನವರಿಗೂ ಅದು ಇರಬೇಕು. ಹಾಗಾಗಿ ಇದು ಅರ್ಧ ಪರಿಹಾರ.

ಮೂರನೆಯದು ಸೀಡ್‌ಬಾಕ್ಸ್, ಅಂದರೆ ಡೇಟಾ ಸೆಂಟರ್‌ನಲ್ಲಿ ಬಾಡಿಗೆಗೆ ಸಿಗುವ ಯಂತ್ರ. ಕರೆಂಟಿನ ಚಿಂತೆಯೂ ತಪ್ಪುತ್ತದೆ, ಖರ್ಚು ಬರುತ್ತದೆ. ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಸಂಪರ್ಕವನ್ನು ನಿಮ್ಮ ಕಂಪ್ಯೂಟರಿಗೆ ತಲುಪಿಸುವುದು) ಇರುವ ವಿಪಿಎನ್, ಅಂದರೆ ಬೇರೊಂದು ಸರ್ವರ್ ಮೂಲಕ ನಿಮ್ಮ ಸಂಪರ್ಕ ಸಾಗಿಸುವ ಸೇವೆ, ಕೊನೆಯದು. ಹಲವು ಟ್ರ್ಯಾಕರ್‌ಗಳು ವಿಪಿಎನ್‌ನಿಂದ ಸೈಟ್ ತೆರೆಯುವುದನ್ನು ನಿಷೇಧಿಸುತ್ತವೆ. ನಿಯಮ ಓದದೆ ವಿಪಿಎನ್ ಹಾಕಿಕೊಂಡು ಲಾಗಿನ್ ಆದರೆ ಖಾತೆ ಹೋಗುತ್ತದೆ.

ಹಂತ 3: ಕ್ಲೈಂಟ್ ಸೆಟ್ಟಿಂಗ್

ಕ್ಯೂಬಿಟ್‌ಟೊರೆಂಟ್‌ನಲ್ಲಿ ಟೂಲ್ಸ್, ಆಪ್ಷನ್ಸ್, ಕನೆಕ್ಷನ್ ಎಂದು ಹೋಗಿ. ಒಳಬರುವ ಸಂಪರ್ಕದ ಪೋರ್ಟ್ 49152ರಿಂದ 65535ರ ನಡುವಿನ ಒಂದು ಸಂಖ್ಯೆ ಇರಲಿ; ಇಲ್ಲಿ ಉದಾಹರಣೆಗೆ 53127 ಇಟ್ಟುಕೊಳ್ಳೋಣ. 6881ರಿಂದ 6889 ಹಳೆಯ ರೂಢಿಯ ಪೋರ್ಟ್‌ಗಳು, ಅವನ್ನು ಕಪ್ಪುಪಟ್ಟಿಗೆ ಹಾಕಿರುವ ಟ್ರ್ಯಾಕರ್‌ಗಳಿವೆ. ಪ್ರತಿ ಸಲ ಬೇರೆ ಪೋರ್ಟ್ ಆರಿಸುವ ಆಯ್ಕೆ ಆನ್ ಇದ್ದರೆ ತೆಗೆಯಿರಿ.

ಸಂಪರ್ಕಗಳ ಮಿತಿ ಒಟ್ಟು 200, ಟೊರೆಂಟ್ ಒಂದಕ್ಕೆ 50. ಇದಕ್ಕಿಂತ ಹೆಚ್ಚು ಕೊಟ್ಟರೆ ಕಂಪನಿ ಕೊಟ್ಟ ಅಗ್ಗದ ರೂಟರ್‌ಗಳು ಉಸಿರುಗಟ್ಟಿ ಮನೆಯವರ ವಾಟ್ಸಾಪ್ ಕೂಡ ನಿಲ್ಲುತ್ತದೆ.

ಅಪ್‌ಲೋಡ್ ಮಿತಿಯನ್ನು ಅಳೆದ ವೇಗದ ಶೇ. 80ಕ್ಕೆ ಇಡಿ. 40 ಎಂಬಿಪಿಎಸ್ ಅಪ್‌ಲೋಡ್ ಅಂದರೆ ಸೆಕೆಂಡಿಗೆ 5 ಎಂಬಿ; ಶೇ. 80 ಅಂದರೆ 4 ಎಂಬಿ, ಕ್ಲೈಂಟಿನಲ್ಲಿ 4000 ಎಂದು ತುಂಬಿ. ಪೂರ್ತಿ ಬಿಟ್ಟರೆ ಡೌನ್‌ಲೋಡಿನ ಸ್ವೀಕೃತಿ ಸಂದೇಶಗಳೇ ಹೊರಹೋಗಲು ಜಾಗ ಸಿಗದೆ ಎರಡೂ ಕಡೆ ನಿಧಾನವಾಗುತ್ತದೆ. ಪ್ಲಾನಿನ ತಿಂಗಳ ಮಿತಿಯನ್ನೂ ನೋಡಿಕೊಳ್ಳಿ. 'ಅನ್‌ಲಿಮಿಟೆಡ್' ಎಂದು ಮಾರುವ ಹಲವು ಮನೆ ಪ್ಲಾನ್‌ಗಳಿಗೆ 3300 ಜಿಬಿ ಮಿತಿ ಇರುತ್ತದೆ, ಅಪ್‌ಲೋಡನ್ನೂ ಅದರಲ್ಲೇ ಸೇರಿಸುವುದುಂಟು. ಸೆಕೆಂಡಿಗೆ 4 ಎಂಬಿ ಬಿಡುವಿಲ್ಲದೆ ಹೋದರೆ ದಿನಕ್ಕೆ ಸುಮಾರು 345 ಜಿಬಿ ಆಗುತ್ತದೆ, ಹತ್ತು ದಿನಕ್ಕೆ ಮಿತಿ ಮುಗಿಯಿತು.

ಈಗ ಯಾರೂ ಗಮನಿಸದ ಒಂದು ಪುಟ. ಬಿಟ್‌ಟೊರೆಂಟ್ ವಿಭಾಗದಲ್ಲಿ 'ಟೊರೆಂಟ್ ಕ್ಯೂಯಿಂಗ್' ಎಂದಿದೆ. ಅದು ಆನ್ ಇದ್ದರೆ ಸಾಮಾನ್ಯವಾಗಿ ಒಮ್ಮೆಗೆ ಮೂರು ಅಪ್‌ಲೋಡ್, ಒಟ್ಟು ಐದು ಟೊರೆಂಟ್ ಎಂದು ಕಟ್ಟಿಹಾಕಿರುತ್ತದೆ. ಇಪ್ಪತ್ತು ಟೊರೆಂಟ್ ಇಟ್ಟುಕೊಂಡು ಎಲ್ಲವೂ ಸೀಡ್ ಆಗುತ್ತಿವೆ, ಅಂದರೆ ಬೇರೆಯವರಿಗೆ ಹಂಚಿಕೆಯಾಗುತ್ತಿವೆ ಎಂದು ನೀವು ನೆಮ್ಮದಿಯಾಗಿರುತ್ತೀರಿ. ಹದಿನೇಳು ಸಾಲಿನಲ್ಲಿ ಕಾಯುತ್ತ ನಿಂತಿರುತ್ತವೆ, ಅವುಗಳ ಸೀಡ್ ಸಮಯ ಲೆಕ್ಕಕ್ಕೇ ಬರುವುದಿಲ್ಲ. ಆ ಟಿಕ್ ತೆಗೆದುಬಿಡಿ. ಇಷ್ಟು ರೇಶಿಯೋ (ಡೌನ್‌ಲೋಡಿಗೆ ಅಪ್‌ಲೋಡಿನ ಅನುಪಾತ) ಆದ ಮೇಲೆ ನಿಲ್ಲಿಸು ಎಂಬ ಆಯ್ಕೆಯೂ ಆಫ್ ಇರಲಿ.

ಅನಾನಿಮಸ್ ಮೋಡ್ ಆಫ್ ಇರಬೇಕು. ಅದು ಕ್ಲೈಂಟಿನ ಗುರುತನ್ನು ಮರೆಮಾಡುತ್ತದೆ, ಗುರುತು ಸಿಗದ ಕ್ಲೈಂಟನ್ನು ಟ್ರ್ಯಾಕರ್ ತಿರಸ್ಕರಿಸುತ್ತದೆ. ಟ್ರ್ಯಾಕರ್ ಇಲ್ಲದೆ ಇತರರನ್ನು ಹುಡುಕುವ ಡಿಎಚ್‌ಟಿ, ಪೆಕ್ಸ್ ವಿಷಯಕ್ಕೆ ತಲೆ ಕೆಡಿಸಿಕೊಳ್ಳಬೇಡಿ: ಟೊರೆಂಟಿನಲ್ಲಿ ಪ್ರೈವೇಟ್ ಗುರುತು ಇದ್ದರೆ ಒಳ್ಳೆಯ ಕ್ಲೈಂಟ್ ಆ ಟೊರೆಂಟಿಗೆ ಮಾತ್ರ ತಾನೇ ನಿಲ್ಲಿಸುತ್ತದೆ. ಎಲ್ಲಕ್ಕೂ ಆಫ್ ಮಾಡಿ ಎಂದು ಸೈಟಿನ ನಿಯಮ ಕೇಳಿದರೆ ಮಾಡಿ.

ವೆಬ್ ಯುಐ (ಬ್ರೌಸರಿನಿಂದ ಕ್ಲೈಂಟ್ ನಿಯಂತ್ರಿಸುವ ಪುಟ) ಬಳಸುವುದಾದರೆ ಅದರ ಪೋರ್ಟ್ 8080ನ್ನು ರೂಟರಿನಲ್ಲಿ ಯಾವ ಕಾರಣಕ್ಕೂ ಹೊರಜಗತ್ತಿಗೆ ತೆರೆಯಬೇಡಿ.

ಹಂತ 4: ರೂಟರಿನಲ್ಲಿ ಪೋರ್ಟ್ ತೆರೆಯುವುದು

ಮೊದಲು ಲ್ಯಾಪ್‌ಟಾಪಿಗೆ ಮನೆಯೊಳಗಿನ ವಿಳಾಸ ಸ್ಥಿರವಾಗಿರಬೇಕು. ಮನೆಯೊಳಗಿನ ವಿಳಾಸ ಹಂಚುವ ರೂಟರಿನ ಡಿಎಚ್‌ಸಿಪಿ ಪುಟದಲ್ಲಿ ಅದರ ಮ್ಯಾಕ್ ವಿಳಾಸಕ್ಕೆ (ಯಂತ್ರದ ನೆಟ್‌ವರ್ಕ್ ಗುರುತಿನ ಸಂಖ್ಯೆಗೆ) 192.168.1.50 ಎಂದು ಕಾಯ್ದಿರಿಸಿ; ರೂಟರ್ 192.168.0.1 ಆಗಿದ್ದರೆ ಇಲ್ಲಿಯೂ ಮುಂದೆಯೂ 192.168.0.50. ಈ ಕೆಲಸ ಬಿಟ್ಟರೆ ಇವತ್ತು ಎಲ್ಲ ಸರಿ ಇರುತ್ತದೆ. ಕರೆಂಟ್ ಹೋಗಿಬಂದ ಮೇಲೆ ಆ ವಿಳಾಸ ಟಿವಿಗೋ ಫೋನಿಗೋ ಸಿಕ್ಕಿ ಪೋರ್ಟ್ ಎತ್ತಲೋ ತೆರೆದಿರುತ್ತದೆ. ಲ್ಯಾನ್ ಮತ್ತು ವೈಫೈಗೆ ಮ್ಯಾಕ್ ವಿಳಾಸ ಬೇರೆ ಬೇರೆ, ಬಳಸುವುದನ್ನೇ ಹಾಕಿ.

ನಂತರ ಪೋರ್ಟ್ ಫಾರ್ವರ್ಡಿಂಗ್ ಪುಟ. ಕೆಲವು ರೂಟರ್‌ಗಳಲ್ಲಿ ಅದಕ್ಕೆ ವರ್ಚುಯಲ್ ಸರ್ವರ್ ಎಂದು ಹೆಸರು. ಹೊರಗಿನ ಪೋರ್ಟ್ 53127, ಒಳಗಿನದೂ 53127, ವಿಳಾಸ 192.168.1.50, ಪ್ರೊಟೊಕಾಲ್ ಟಿಸಿಪಿ ಮತ್ತು ಯುಡಿಪಿ ಎರಡೂ. ವಿಂಡೋಸ್ ಫೈರ್‌ವಾಲ್‌ನಲ್ಲಿ ಕ್ಯೂಬಿಟ್‌ಟೊರೆಂಟ್‌ಗೆ ಪ್ರೈವೇಟ್, ಪಬ್ಲಿಕ್ ಎರಡೂ ಟಿಕ್ ಮಾಡಿ.

ಕಂಪನಿಯ ಫೈಬರ್ ಪೆಟ್ಟಿಗೆಗೆ ನಿಮ್ಮದೇ ಇನ್ನೊಂದು ರೂಟರ್ ಸಿಕ್ಕಿಸಿಕೊಂಡಿದ್ದರೆ ಎರಡು ಬಾಗಿಲುಗಳಾಗುತ್ತವೆ. ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡ್‌ಗೆ ಹಾಕಿಸಿ, ಇಲ್ಲವೇ ಎರಡರಲ್ಲೂ ಪೋರ್ಟ್ ತೆರೆಯಿರಿ.

ಪರೀಕ್ಷೆ ಮಾಡುವಾಗ ಕ್ಲೈಂಟ್ ಓಡುತ್ತಿರಬೇಕು. ಅದನ್ನು ಮುಚ್ಚಿ ಪೋರ್ಟ್ ಚೆಕ್ ಸೈಟ್ ನೋಡಿದರೆ ಎಷ್ಟು ಸರಿಯಾಗಿ ಮಾಡಿದ್ದರೂ 'ಮುಚ್ಚಿದೆ' ಎಂದೇ ಬರುತ್ತದೆ, ಅದನ್ನು ನಂಬಿ ಸರಿಯಿದ್ದ ಸೆಟ್ಟಿಂಗ್ ಕೆಡಿಸಿಕೊಂಡವರಿದ್ದಾರೆ.

ಹಂತ 5: ಕರೆಂಟ್ ಹೋದಾಗ ಏನಾಗಬೇಕು

ಕ್ಲೈಂಟ್ ತಾನು ಎಷ್ಟು ಅಪ್‌ಲೋಡ್ ಮಾಡಿದೆ ಎಂದು ಟ್ರ್ಯಾಕರ್‌ಗೆ ನಿಗದಿತ ಅವಧಿಗೊಮ್ಮೆ ವರದಿ ಕೊಡುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆ, ಕೆಲವು ಕಡೆ ಇನ್ನೂ ಹೆಚ್ಚು. ನೀವೇ ಮುಚ್ಚಿದರೆ ಕೊನೆಯ ವರದಿ ಕೊಟ್ಟು ಮುಚ್ಚುತ್ತದೆ. ಕರೆಂಟ್ ಹೋಗಿ ಧಡಕ್ಕನೆ ನಿಂತರೆ ಕೊನೆಯ ವರದಿಯಿಂದ ಈಚೆಗಿನ ಅಪ್‌ಲೋಡ್ ನಿಮ್ಮ ಲೆಕ್ಕಕ್ಕೆ ಸೇರುವುದೇ ಇಲ್ಲ. ದಿನಕ್ಕೆ ನಾಲ್ಕೈದು ಸಲ ಕರೆಂಟ್ ಹೋಗುವ ಹಳ್ಳಿಯಲ್ಲಿ ಇದು ಸಣ್ಣ ನಷ್ಟವಲ್ಲ.

ಹಳೆಯ ಲ್ಯಾಪ್‌ಟಾಪ್ ಎಂದು ಮೊದಲೇ ಹೇಳಿದ್ದು ಇದಕ್ಕೇ, ಅದರ ಬ್ಯಾಟರಿಯೇ ಯುಪಿಎಸ್. ಖರ್ಚಿನ ಲೆಕ್ಕವೂ ಅದರ ಪರವಾಗಿದೆ: 80 ವ್ಯಾಟ್ ತಿನ್ನುವ ಡೆಸ್ಕ್‌ಟಾಪ್ ತಿಂಗಳಿಡೀ ಓಡಿದರೆ ಸುಮಾರು 58 ಯೂನಿಟ್, 20 ವ್ಯಾಟಿನ ಲ್ಯಾಪ್‌ಟಾಪ್ 14 ಯೂನಿಟ್ ಚಿಲ್ಲರೆ, 5 ವ್ಯಾಟಿನ ರಾಸ್ಪ್‌ಬೆರಿ ಪೈ 4 ಯೂನಿಟ್ಟಿಗೂ ಕಡಿಮೆ.

ಹಾರ್ಡ್ ಡಿಸ್ಕ್ ವಿಷಯದಲ್ಲಿ ಒಂದು ಬಲೆ ಇದೆ. ಮೂರೂವರೆ ಇಂಚಿನ ದೊಡ್ಡ ಡಿಸ್ಕ್‌ಗೆ ಬೇರೆ ಅಡಾಪ್ಟರ್ ಬೇಕು. ಕರೆಂಟ್ ಹೋದಾಗ ಲ್ಯಾಪ್‌ಟಾಪ್ ನಡೆಯುತ್ತಿರುತ್ತದೆ, ಡಿಸ್ಕ್ ಮಾತ್ರ ಸತ್ತಿರುತ್ತದೆ. ಕ್ಲೈಂಟ್ ಎಲ್ಲ ಟೊರೆಂಟ್‌ಗಳಿಗೂ 'ಮಿಸ್ಸಿಂಗ್ ಫೈಲ್ಸ್' ಎಂದು ಕೆಂಪು ಬಣ್ಣ ಬಳಿದು ನಿಲ್ಲಿಸುತ್ತದೆ. ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವ ಎರಡೂವರೆ ಇಂಚಿನ ಡಿಸ್ಕ್‌ನಲ್ಲಿ ಈ ರಗಳೆ ಇಲ್ಲ. ಡಿಸ್ಕ್ ಎನ್‌ಟಿಎಫ್‌ಎಸ್ ಅಥವಾ ಇಎಕ್ಸ್‌ಟಿ4 ಇರಲಿ. ಫ್ಯಾಟ್32 ಇದ್ದರೆ 4 ಜಿಬಿ ಮೀರಿದ ಒಂದು ಫೈಲೂ ಕೂರುವುದಿಲ್ಲ.

ಮಿನಿ ಯುಪಿಎಸ್ ಕೊಳ್ಳುವ ಮುಂಚೆ ಫೈಬರ್ ಪೆಟ್ಟಿಗೆಯ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟ್, ಆಂಪಿಯರ್ ನೋಡಿ, ಅದಕ್ಕೆ ಹೊಂದುವುದನ್ನೇ ತನ್ನಿ. ಇನ್ನೊಂದು ಮಾತು: ನಿಮ್ಮ ಮನೆಗೆ ಬರುತ್ತಿರುವುದು ಫೈಬರ್ರೋ ಲ್ಯಾನ್ ತಂತಿಯೋ ನೋಡಿಕೊಳ್ಳಿ. ಕೆಲವು ಬೀದಿಗಳಲ್ಲಿ ಕೇಬಲ್‌ನವರು ಯಾರದೋ ಟೆರೇಸ್ ಮೇಲೆ ಸ್ವಿಚ್ ಪೆಟ್ಟಿಗೆ ಇಟ್ಟು ಅಲ್ಲಿಂದ ಲ್ಯಾನ್ ಎಳೆದಿರುತ್ತಾರೆ. ಆ ಪೆಟ್ಟಿಗೆಗೆ ಕರೆಂಟ್ ಇಲ್ಲದಿದ್ದರೆ ನಿಮ್ಮ ಯುಪಿಎಸ್‌ನಿಂದ ಏನೂ ಆಗದು. ಮೊದಲು ಅದಕ್ಕೆ ಬ್ಯಾಕಪ್ ಇದೆಯೇ ಎಂದು ಕೇಳಿ.

ಪಂಪ್‌ಸೆಟ್ ಓಡುವ ಹೊತ್ತಿನಲ್ಲಿ ವೋಲ್ಟೇಜ್ ಕುಸಿಯುವ ಊರುಗಳಲ್ಲಿ ಸ್ಟೆಬಿಲೈಜರ್ ಹಾಕಿ. ಲ್ಯಾಪ್‌ಟಾಪಿನ ಸ್ಲೀಪ್ ಆಫ್ ಮಾಡಿ, ಮುಚ್ಚಳ ಹಾಕಿದರೆ ಏನೂ ಮಾಡಬೇಡ ಎಂದು ಸೆಟ್ ಮಾಡಿ, ಕಂಪ್ಯೂಟರ್ ಆನ್ ಆದೊಡನೆ ಕ್ಲೈಂಟ್ ತಾನೇ ಶುರುವಾಗುವಂತೆ ಇಡಿ.

ಹಂತ 6: ಸಾರ್ವಜನಿಕ ಟೊರೆಂಟ್ ಮೇಲೆ ತಾಲೀಮು

ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯ ನೆಟ್‌ಇನ್‌ಸ್ಟ್ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) 1 ಜಿಬಿಗಿಂತ ಚಿಕ್ಕದು. ಅದರ ಟೊರೆಂಟನ್ನು ಅಧಿಕೃತ ಸೈಟಿನಿಂದ ಇಳಿಸಿ, ಎರಡು ದಿನ ಸೀಡ್ ಮಾಡಿ. ಆಗಾಗ ಪೀರ್ಸ್ (ಆ ಟೊರೆಂಟ್ ಹಂಚಿಕೊಳ್ಳುತ್ತಿರುವ ಇತರರು) ಪಟ್ಟಿ ತೆರೆದು ಫ್ಲ್ಯಾಗ್ಸ್ ಕಾಲಂ ನೋಡಿ. ಇಂಗ್ಲಿಷಿನ ದೊಡ್ಡ ಐ ಅಕ್ಷರ ಕಂಡರೆ ಆ ಪೀರ್ ಹೊರಗಿನಿಂದ ನಿಮ್ಮನ್ನು ಹುಡುಕಿಕೊಂಡು ಬಂದಿದ್ದಾನೆ ಎಂದರ್ಥ. ಪೋರ್ಟ್ ತೆರೆದಿದೆ ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ. ಎರಡು ದಿನವೂ ಒಂದೂ ಕಾಣದಿದ್ದರೆ ಹಂತ 2ಕ್ಕೆ ವಾಪಸ್ ಹೋಗಿ.

ಅಪ್‌ಲೋಡ್ ಕಡಿಮೆ ಆಯಿತೆಂದು ಗಾಬರಿ ಬೇಡ, ಅಲ್ಲಿ ಸೀಡರ್‌ಗಳ ಸಂತೆಯೇ ಇರುತ್ತದೆ.

ಹಂತ 7: ಸದಸ್ಯತ್ವ

ಸೇರಲು ನೆಟ್ಟಗಿನ ದಾರಿಗಳು ಮೂರೇ: ಸೈಟ್ ತಾನೇ ನೋಂದಣಿ ತೆರೆದಾಗ, ಅರ್ಜಿ ಅಥವಾ ಸಂದರ್ಶನದ ಮೂಲಕ, ಪರಿಚಿತ ಸದಸ್ಯರ ಆಹ್ವಾನದಿಂದ. ಟೆಲಿಗ್ರಾಂನಲ್ಲಿ ಆಹ್ವಾನ ಮಾರುವವರಿಗೆ ದುಡ್ಡು ಕೊಡಬೇಡಿ. ಯಾರು ಯಾರನ್ನು ಕರೆತಂದರು ಎಂಬ ಪಟ್ಟಿ ಸೈಟಿನಲ್ಲಿ ಇರುತ್ತದೆ, ಮಾರಾಟ ಗೊತ್ತಾದ ದಿನ ಆ ಸರಣಿಯನ್ನೇ ಕಿತ್ತುಹಾಕುತ್ತಾರೆ.

ಒಬ್ಬರಿಗೆ ಜೀವಮಾನಕ್ಕೆ ಒಂದೇ ಖಾತೆ. ಅಣ್ಣ ತಂಗಿ ಇಬ್ಬರಿಗೂ ಬೇಕಿದ್ದರೆ, ಎರಡನೆಯವರು ಸೇರುವ ಮೊದಲೇ ನಿರ್ವಾಹಕರಿಗೆ ತಿಳಿಸಿ. ಒಂದೇ ಐಪಿಯಿಂದ ಎರಡು ಖಾತೆ ಕಂಡರೆ ಮೋಸ ಎಂದೇ ಎಣಿಸುತ್ತಾರೆ. ತುಮಕೂರಿನ ಹಾಸ್ಟೆಲ್, ಪಿಜಿಗಳಲ್ಲಿರುವ ವಿದ್ಯಾರ್ಥಿಗಳು ಇದರಲ್ಲಿ ಹೆಚ್ಚು ಸಿಕ್ಕಿಬೀಳುತ್ತಾರೆ. ಕಾಲೇಜಿನ ವೈಫೈಯಿಂದ ನೋಂದಣಿ ಮಾಡಬೇಡಿ.

ನಿಯಮಗಳ ಪುಟದಿಂದ ನಾಲ್ಕು ಸಂಖ್ಯೆ ಬರೆದಿಟ್ಟುಕೊಳ್ಳಿ: ಕನಿಷ್ಠ ರೇಶಿಯೋ, ಒಂದು ಟೊರೆಂಟನ್ನು ಸೀಡ್ ಮಾಡಬೇಕಾದ ಗಂಟೆ, ಅದನ್ನು ಎಷ್ಟು ದಿನದೊಳಗೆ ಮುಗಿಸಬೇಕು, ಎಷ್ಟು ದಿನ ಲಾಗಿನ್ ಆಗದಿದ್ದರೆ ಖಾತೆ ರದ್ದು. ಸಂದರ್ಶನದಲ್ಲಿ ಕೇಳುವುದೂ ಬಹುತೇಕ ಇವನ್ನೇ.

ಹಂತ 8: ಮೊದಲ ತಿಂಗಳು

ರೇಶಿಯೋ ಅಂದರೆ ಅಪ್‌ಲೋಡನ್ನು ಡೌನ್‌ಲೋಡಿನಿಂದ ಭಾಗಿಸಿದ ಸಂಖ್ಯೆ. 10 ಜಿಬಿ ಇಳಿಸಿ 6 ಜಿಬಿ ಕೊಟ್ಟರೆ 0.6. ಇಡೀ ಸಮುದಾಯದಲ್ಲಿ ಒಬ್ಬರು ಕೊಟ್ಟದ್ದೇ ಇನ್ನೊಬ್ಬರು ಪಡೆದದ್ದು, ಆದ್ದರಿಂದ ಒಟ್ಟು ಸರಾಸರಿ 1 ಮೀರಲು ಸಾಧ್ಯವಿಲ್ಲ. ಡೇಟಾ ಸೆಂಟರ್ ವೇಗ ಇರುವವರು 5, 10 ಗಳಿಸಿದಾಗ ಮನೆ ಲೈನಿನವರ ಪಾಲಿಗೆ ಕಡಿಮೆಯೇ ಉಳಿಯುತ್ತದೆ. ಈ ಅಸಮತೋಲನ ತಗ್ಗಿಸಲೆಂದೇ ಫ್ರೀಲೀಚ್, ಬೋನಸ್ ಪಾಯಿಂಟ್ ಇವೆ. ಅವನ್ನು ಬಳಸಲು ಸಂಕೋಚ ಬೇಡ.

ಮೊದಲು ಫ್ರೀಲೀಚ್ ಗುರುತಿರುವುದನ್ನೇ ಇಳಿಸಿ. ಅದರಲ್ಲಿ ಡೌನ್‌ಲೋಡ್ ಲೆಕ್ಕಕ್ಕಿಲ್ಲ, ಅಪ್‌ಲೋಡ್ ಲೆಕ್ಕಕ್ಕಿದೆ. ಆಗಷ್ಟೇ ಏರಿಸಿದ, ಸೀಡರ್ ಒಬ್ಬಿಬ್ಬರು, ಇಳಿಸುವವರು ಹತ್ತಾರು ಇರುವ ಟೊರೆಂಟ್ ಆರಿಸಿ. ಐವತ್ತು ಸೀಡರ್ ಇದ್ದು ಕೇಳುವವರೇ ಇಲ್ಲದ ಹಳೆಯದನ್ನು ಹಿಡಿದರೆ ತಿಂಗಳು ಕಾದರೂ ಒಂದು ಎಂಬಿ ಹೋಗದು. ಸೀಡ್ ಗಂಟೆಗೆ ಬೋನಸ್ ಕೊಡುವ ಸೈಟಾದರೆ ಚಿಕ್ಕ ಚಿಕ್ಕ ಟೊರೆಂಟ್ ಹಲವು ಇಟ್ಟುಕೊಳ್ಳಿ, ಆ ಪಾಯಿಂಟಿಗೆ ಅಪ್‌ಲೋಡ್ ಕ್ರೆಡಿಟ್ ಕೊಳ್ಳಬಹುದು.

ಹಿಟ್ ಅಂಡ್ ರನ್ ಅಂದರೆ ಇಳಿಸಿಕೊಂಡು ಹೇಳಿದಷ್ಟು ಹೊತ್ತು ಸೀಡ್ ಮಾಡದೆ ಹೋಗುವುದು. 72 ಗಂಟೆ ಎಂದು ನಿಯಮ ಇದ್ದರೆ ಕರೆಂಟ್ ಇಲ್ಲದ ಹೊತ್ತನ್ನೂ ಸೇರಿಸಿ ಐದು ದಿನ ಎಂದು ನೀವೇ ಲೆಕ್ಕ ಹಾಕಿಕೊಳ್ಳಿ. ದೊಡ್ಡ ಟೊರೆಂಟಿನಿಂದ ಬೇಕಾದ ಒಂದೆರಡು ಫೈಲ್ ಮಾತ್ರ ಟಿಕ್ ಮಾಡಿ ಇಳಿಸಿದರೆ ನೀವು ಪೂರ್ಣ ಸೀಡರ್ ಆಗುವುದಿಲ್ಲ, ಹಲವು ಕಡೆ ಅದೂ ತಪ್ಪಿನ ಲೆಕ್ಕಕ್ಕೇ ಹೋಗುತ್ತದೆ.

ಇಳಿಸಿದ ಫೈಲಿನ ಹೆಸರು ಬದಲಿಸುವುದು, ಫೋಲ್ಡರ್ ಸ್ಥಳ ಬದಲಿಸುವುದು ಏನಿದ್ದರೂ ಕ್ಲೈಂಟಿನ ಒಳಗೇ ಮಾಡಿ. ವಿಂಡೋಸ್ ಫೋಲ್ಡರಿನಲ್ಲಿ ಕೈ ಹಾಕಿದ ಕೂಡಲೇ ಸೀಡ್ ನಿಲ್ಲುತ್ತದೆ. ಅಪ್‌ಲೋಡ್ ಸಂಖ್ಯೆ ಸುಳ್ಳು ತೋರಿಸುವ ತಂತ್ರಾಂಶಗಳ ಗೊಡವೆ ಬೇಡ. ನೀವು ಕೊಟ್ಟೆ ಅಂದದ್ದನ್ನು ಉಳಿದವರು ಪಡೆದೆ ಅಂದದ್ದರ ಜೊತೆ ಟ್ರ್ಯಾಕರ್ ತಾಳೆ ನೋಡುತ್ತದೆ.

ಹಂತ 9: ನಿಮ್ಮದೇ ಟೊರೆಂಟ್ ಏರಿಸುವುದು

ರೇಶಿಯೋ ಏರಿಸಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಬೇರೆ ಯಾರ ಬಳಿಯೂ ಇಲ್ಲದ್ದು ನಿಮ್ಮ ಬಳಿ ಇದ್ದರೆ ಮೊದಲ ಪ್ರತಿ ಪೂರ್ತಿ ನಿಮ್ಮಿಂದಲೇ ಹೋಗಬೇಕು. ನಮ್ಮ ಮೂರು ಜಿಲ್ಲೆಗಳಲ್ಲಿ ಇಂಥ ಸಾಮಗ್ರಿಗೆ ಬರವಿಲ್ಲ. ತಿಪಟೂರು ಕಡೆಯ ಮೂಡಲಪಾಯ ಯಕ್ಷಗಾನ, ಕೈವಾರ ತಾತಯ್ಯನವರ ಪದಗಳನ್ನು ಹಾಡುವ ಭಜನಾ ಮಂಡಳಿಗಳು, ಊರಹಬ್ಬದ ತತ್ವಪದಗಳು. ಇವುಗಳ ಒಳ್ಳೆಯ ಧ್ವನಿಮುದ್ರಣ ಅಂತರ್ಜಾಲದಲ್ಲಿ ಬಹಳ ಕಡಿಮೆ. ಕಲಾವಿದರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು ನೀವೇ ಮುದ್ರಿಸಿದರೆ ಅದು ನಿಜವಾದ ಕೊಡುಗೆ.

ಆರು ಗಂಟೆಯ ಒಂದು ಮೂಡಲಪಾಯ ಪ್ರಸಂಗವನ್ನೇ ತೆಗೆದುಕೊಳ್ಳಿ. 24 ಬಿಟ್, 48 ಕಿಲೋಹರ್ಟ್ಸ್, ಸ್ಟೀರಿಯೋದಲ್ಲಿ ಮುದ್ರಿಸಿದರೆ ಗಂಟೆಗೆ ಸುಮಾರು 1.04 ಜಿಬಿ, ಒಟ್ಟು 6.2 ಜಿಬಿ. ವೇವ್ ಫೈಲ್ 4 ಜಿಬಿ ದಾಟಲಾರದ್ದರಿಂದ ರೆಕಾರ್ಡರ್ ಅದನ್ನು ತುಂಡು ಮಾಡಿರುತ್ತದೆ. ತುಂಡುಗಳನ್ನು ಅಂತರ ಇಲ್ಲದೆ ಜೋಡಿಸಿ, ಪ್ರಸಂಗದ ಭಾಗಗಳಿಗೆ ತಕ್ಕಂತೆ ಕತ್ತರಿಸಿ, ಫ್ಲ್ಯಾಕ್‌ಗೆ ಬದಲಿಸಿ. ಗಾತ್ರ 3.5 ಜಿಬಿ ಆಸುಪಾಸಿಗೆ ಇಳಿಯುತ್ತದೆ, ಗುಣಮಟ್ಟ ಕಿಂಚಿತ್ತೂ ಕೆಡದು. ಎಂಪಿ3 ಮಾಡಿ ಮತ್ತೆ ಫ್ಲ್ಯಾಕ್ ಮಾಡಬೇಡಿ. ಮೇಲಿನ ಕಂಪನಾಂಕಗಳು ಕತ್ತರಿಸಿ ಹೋಗಿರುವುದು ಸ್ಪೆಕ್ಟ್ರಂ ಚಿತ್ರದಲ್ಲಿ ಎದ್ದು ಕಾಣುತ್ತದೆ, ನಿರ್ವಾಹಕರು ಅಳಿಸುತ್ತಾರೆ.

ಫೋಲ್ಡರಿನಲ್ಲಿ ಒಂದು ಪಠ್ಯ ಫೈಲ್ ಇರಲಿ: ಮೇಳದ ಹೆಸರು, ಭಾಗವತರು, ಮುಖವೀಣೆ ಮದ್ದಳೆಯವರು, ಊರು, ದಿನಾಂಕ, ಮೈಕ್ ಎಲ್ಲಿಟ್ಟಿದ್ದಿರಿ, ಒಪ್ಪಿಗೆ ಯಾರದು. ಕಡತದ ಹೆಸರುಗಳನ್ನು ಸೈಟಿನ ಪದ್ಧತಿಯಂತೆ ಇಡಿ.

ನಂತರ ಟೂಲ್ಸ್‌ನಲ್ಲಿ ಟೊರೆಂಟ್ ಕ್ರಿಯೇಟರ್ ತೆರೆಯಿರಿ. ತುಣುಕಿನ ಗಾತ್ರ ಒಟ್ಟು ತುಣುಕುಗಳು ಸಾವಿರದಿಂದ ಎರಡು ಸಾವಿರ ಬರುವಂತೆ ಇರಲಿ, 3.5 ಜಿಬಿಗೆ 2 ಎಂಬಿ ಸರಿಹೊಂದುತ್ತದೆ. 'ಪ್ರೈವೇಟ್' ಟಿಕ್ ಮಾಡಿ. ಟ್ರ್ಯಾಕರ್ ವಿಳಾಸದ ಜಾಗದಲ್ಲಿ ಸೈಟಿನಲ್ಲಿ ನಿಮಗೆ ಕೊಟ್ಟಿರುವ ಅನೌನ್ಸ್ ಕೊಂಡಿ ಹಾಕಿ. ಸೋರ್ಸ್ ಗುರುತು ಕೇಳಿದ್ದರೆ ಅದನ್ನೂ ತುಂಬಿ.

ಸೈಟಿಗೆ ಏರಿಸಿದ ಮೇಲೆ ನೀವು ತಯಾರಿಸಿದ ಟೊರೆಂಟ್ ಫೈಲನ್ನೇ ಓಡಿಸಬೇಡಿ. ಸೈಟ್ ಅದರೊಳಗೆ ಬದಲಾವಣೆ ಮಾಡಿರುವ ಸಾಧ್ಯತೆ ಇದೆ. ಅಲ್ಲಿಂದ ಮತ್ತೆ ಇಳಿಸಿಕೊಂಡು, ಸೇವ್ ಮಾಡುವ ಜಾಗವಾಗಿ ಮೂಲ ಫೋಲ್ಡರ್ ತೋರಿಸಿ. ಕ್ಲೈಂಟ್ ಪರಿಶೀಲಿಸಿ ಶೇ. 100 ಎಂದು ತೋರಿಸಿ ಸೀಡ್ ಶುರುಮಾಡುತ್ತದೆ. ಶೇ. 0 ಎಂದು ಬಂದು ಡೌನ್‌ಲೋಡ್ ಮಾಡಲು ಹೊರಟರೆ ತಕ್ಷಣ ನಿಲ್ಲಿಸಿ, ಜಾಗ ತಪ್ಪಿದೆ. ಕನಿಷ್ಠ ಮೂವರು ಪೂರ್ತಿ ಪಡೆಯುವವರೆಗೆ ಲ್ಯಾಪ್‌ಟಾಪ್ ಆರಿಸಬೇಡಿ.

ಎಚ್ಚರಿಕೆ ಸಂಕೇತಗಳು

ಟ್ರ್ಯಾಕರ್ಸ್ ಪಟ್ಟಿಯಲ್ಲಿ ಬರುವ ಸಂದೇಶ ಓದುವ ಅಭ್ಯಾಸ ಮಾಡಿಕೊಳ್ಳಿ. 'ಅನ್‌ರಿಜಿಸ್ಟರ್ಡ್ ಟೊರೆಂಟ್' ಬಂದರೆ ಒಂದೋ ಸೈಟಿನಿಂದ ಮತ್ತೆ ಇಳಿಸದೆ ನೀವು ತಯಾರಿಸಿದ ಟೊರೆಂಟ್ ಫೈಲನ್ನೇ ಓಡಿಸಿದ್ದೀರಿ, ಇಲ್ಲವೇ ನಿರ್ವಾಹಕರು ಅಳಿಸಿದ್ದಾರೆ. ಕ್ಲೈಂಟ್ ಒಪ್ಪಿಲ್ಲ ಎಂದರೆ ಆವೃತ್ತಿ ಅಥವಾ ಅನಾನಿಮಸ್ ಮೋಡ್ ನೋಡಿ. ಸಂಪರ್ಕ ಟೈಮ್ ಔಟ್ ಒಂದೇ ಸೈಟಿನದಾದರೆ ಅದು ಅವರ ಸರ್ವರ್ ತೊಂದರೆ, ನಿಮ್ಮ ಸೆಟ್ಟಿಂಗ್ ಮುಟ್ಟಬೇಡಿ, ಕಾಯಿರಿ. ಚೆನ್ನಾಗಿದ್ದ ಅಪ್‌ಲೋಡ್ ಒಂದೇ ದಿನದಲ್ಲಿ ನಿಂತರೆ ರೂಟರಿನ ವ್ಯಾನ್ ಐಪಿ ಮತ್ತೆ ನೋಡಿ. ರೂಟರ್ ಬದಲಿಸಿದಾಗ, ಪ್ಲಾನ್ ಬದಲಾದಾಗ ಮತ್ತೆ ಸಿಜಿನ್ಯಾಟ್‌ಗೆ ಹಾಕಿರುವ ಸಂಭವ ಹೆಚ್ಚು.

ಕರೆಂಟ್ ಹೋಗಿಬಂದ ಮೇಲೆ ಟೊರೆಂಟ್ ಶೇ. 97, 98 ಎಂದು ತೋರಿಸಿದರೆ ಫೋರ್ಸ್ ರೀಚೆಕ್ ಕೊಡಿ. ಕೆಟ್ಟ ತುಣುಕುಗಳನ್ನು ಮಾತ್ರ ಮತ್ತೆ ತರುತ್ತದೆ. ಇಡೀ ಪಟ್ಟಿಯೇ ಖಾಲಿಯಾದರೆ, ಕ್ಯೂಬಿಟ್‌ಟೊರೆಂಟ್ ತನ್ನ ಟೊರೆಂಟ್‌ಗಳ ವಿವರ ಇಡುವ ಬಿಟಿ_ಬ್ಯಾಕಪ್ ಫೋಲ್ಡರಿನ ಪ್ರತಿ ಬೇಕಾಗುತ್ತದೆ. ವಾರಕ್ಕೊಮ್ಮೆ ಅದನ್ನು ಬೇರೆ ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಿ.

ಧ್ವನಿ ಅಥವಾ ಪುಸ್ತಕದ ಟೊರೆಂಟಿನೊಳಗೆ ಇಎಕ್ಸ್‌ಇ, ಎಸ್‌ಸಿಆರ್ ಕಡತ ಇದ್ದರೆ ತೆರೆಯದೆ ದೂರು ಕೊಡಿ. ವಿಂಡೋಸಿನಲ್ಲಿ ಕಡತದ ಬಾಲಂಗೋಚಿ ಕಾಣುವಂತೆ ಇಟ್ಟುಕೊಂಡರೆ ಪಿಡಿಎಫ್ ವೇಷದಲ್ಲಿ ಬಂದ ಇಎಕ್ಸ್‌ಇ ಸಿಕ್ಕಿಬೀಳುತ್ತದೆ.

ಇನ್ನು ಪಾಸ್‌ಕೀ. ನೀವು ಇಳಿಸಿದ ಪ್ರತಿ ಟೊರೆಂಟ್ ಫೈಲಿನೊಳಗಿನ ಅನೌನ್ಸ್ ಕೊಂಡಿಯಲ್ಲಿ ನಿಮ್ಮ ಖಾತೆಯ ಗುಟ್ಟಿನ ಸಂಖ್ಯೆ ಇರುತ್ತದೆ. ಆ ಫೈಲನ್ನು ಗೆಳೆಯನಿಗೆ ವಾಟ್ಸಾಪ್‌ನಲ್ಲಿ ಕಳಿಸಿದರೆ ಅವನು ಇಳಿಸಿದ್ದೆಲ್ಲ ನಿಮ್ಮ ಲೆಕ್ಕಕ್ಕೆ ಬರುತ್ತದೆ, ಎರಡು ಊರಿನಿಂದ ಒಂದೇ ಖಾತೆ ನಡೆಯುತ್ತಿರುವುದು ಟ್ರ್ಯಾಕರ್‌ಗೆ ಕಾಣುತ್ತದೆ. ಸಹಾಯ ಕೇಳಲು ಸ್ಕ್ರೀನ್‌ಶಾಟ್ ಹಾಕುವಾಗಲೂ ಆ ಕೊಂಡಿಯನ್ನು ಮಸಿ ಬಳಿದು ಮುಚ್ಚಿ. ಸೋರಿಹೋಗಿದೆ ಎಂಬ ಅನುಮಾನ ಬಂದ ಕೂಡಲೇ ಪ್ರೊಫೈಲಿನಲ್ಲಿ ಪಾಸ್‌ಕೀ ರೀಸೆಟ್ ಮಾಡಿ, ನಿರ್ವಾಹಕರಿಗೆ ತಿಳಿಸಿ, ಕ್ಲೈಂಟಿನಲ್ಲಿರುವ ಆ ಸೈಟಿನ ಎಲ್ಲ ಟೊರೆಂಟ್‌ಗಳ ಟ್ರ್ಯಾಕರ್ ಕೊಂಡಿಯನ್ನೂ ಹೊಸದಕ್ಕೆ ಬದಲಿಸಿ. ಕೊನೆಯ ಈ ಕೆಲಸ ಮರೆತರೆ ಕ್ಲೈಂಟ್ ಹಳೆಯ ಪಾಸ್‌ಕೀ ಹಿಡಿದು ಬಡಿದುಕೊಳ್ಳುತ್ತಿರುತ್ತದೆ, ಒಂದು ಗಂಟೆಯ ಸೀಡ್ ಕೂಡ ದಾಖಲಾಗುವುದಿಲ್ಲ.